ಬಾನೆಟ್ಟಿನ ಮೇಲಿನ ಬೊಟ್ಟು

"ಅಜ್ಜಾರ, ಮನಸ್ಸಿಗೆ ಏನೂ ಅಂಟದಂತೆ ಇರುವುದು ಹೇಗೆ?" ಎಂದು ಚನ್ನವೀರ ಕೇಳಿದ.

ಅವನು ಮಠಕ್ಕೆ ಬಂದು ಎರಡು ವರ್ಷವಾಗಿತ್ತು. ಹಿಂದಿನ ದಿನ ಅವನ ಅಕ್ಕ ಊರಿನಿಂದ ಬಂದಿದ್ದಳು. ಅವ್ವ ಹಾಸಿಗೆ ಹಿಡಿದಿದ್ದಾಳೆ, ನಿನ್ನನ್ನು ಒಮ್ಮೆ ನೋಡಬೇಕು ಎನ್ನುತ್ತಾಳೆ, ಬಾ ಎಂದು ಕರೆದಿದ್ದಳು. ನಾನೀಗ ಮಠದವನು ಎಂದು ಚನ್ನವೀರ ಹೇಳಿದ. ಅಕ್ಕನ ಕೈಗೆ ಪ್ರಸಾದ ಕೊಟ್ಟು ಸಂಜೆಯ ಬಸ್ಸಿಗೆ ಕಳಿಸಿದ. ಅವ್ವ ಕಟ್ಟಿಸಿ ಕಳಿಸಿದ್ದ ಬುತ್ತಿಯ ಗಂಟು ಪಡಸಾಲೆಯ ಗೂಟಕ್ಕೆ ತೂಗುತ್ತಿತ್ತು. ಅವನು ಅದನ್ನು ಬಿಚ್ಚಿರಲಿಲ್ಲ.

"ಅಕ್ಕ ಬಹಳ ಅತ್ತಳು. ನನ್ನ ಕಣ್ಣಿನಲ್ಲಿ ಒಂದು ಹನಿ ಬರಲಿಲ್ಲ" ಎಂದ. ಮಾತಿನಲ್ಲಿ ಸ್ವಲ್ಪ ಹೆಮ್ಮೆಯಿತ್ತು. "ಇದೇ ವೈರಾಗ್ಯ ಅಲ್ಲವೇ? ಇದು ಹೀಗೇ ಉಳಿಯಬೇಕು. ಅದಕ್ಕೆ ಏನು ಮಾಡಲಿ?"

ಮಠದ ಸ್ವಾಮಿಗಳಾದ ಅಜ್ಜನವರು ದಾಸೋಹದ ಜೋಳವನ್ನು ಮೊರದಲ್ಲಿ ಹಾಕಿಕೊಂಡು ಹಸನು ಮಾಡುತ್ತಿದ್ದರು. ತಲೆ ಎತ್ತಲಿಲ್ಲ.

"ಕೂಡು. ನೀನೂ ಒಂದು ಮೊರ ತಗೋ. ಕೈ ಖಾಲಿ ಇದ್ದವನಿಗೆ ಕಿವಿ ಕೇಳುವುದಿಲ್ಲ" ಎಂದರು. ಚನ್ನವೀರ ಕುಳಿತು ಮೊರ ಹಿಡಿದ ಮೇಲೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಬಾಡಿಗೆ ಕಾರಿನವನಿದ್ದ. ಹತ್ತು ವರ್ಷ ಬೇರೆಯವರ ಗಾಡಿ ಓಡಿಸಿದ. ಕೊನೆಗೆ ತನ್ನದೇ ಒಂದು ಕಾರು ತಂದ. ಬಿಳಿಯ ಕಾರು. ಮಕ್ಕಳಿರಲಿಲ್ಲ. ಮನೆಯಲ್ಲಿ ಅವನು, ಅವನ ಹೆಂಡತಿ, ಅಂಗಳದಲ್ಲಿ ಕಾರು, ಅಷ್ಟೇ ಸಂಸಾರ. ಹೆಂಡತಿಗೆ ಒಂದು ಹೆಸರು ಬೇಕೇ? ನೀಲವ್ವ ಅಂದುಕೋ.

ಅಮಾವಾಸ್ಯೆ ಬಂತೆಂದರೆ ಗಾಡಿಯವರ ಮನೆಯಲ್ಲಿ ಏನು ಮಾಡುತ್ತಾರೆ ಎಂಬುದು ನಿನಗೆ ಗೊತ್ತು. ಗಾಡಿ ತೊಳೆಯುತ್ತಾರೆ. ಕಾಯಿ ಒಡೆಯುತ್ತಾರೆ. ಗಾಲಿಯ ಕೆಳಗೆ ನಿಂಬೆಹಣ್ಣು ಇಡುತ್ತಾರೆ. ಬಾನೆಟ್ಟಿಗೆ ವಿಭೂತಿ ಬಳಿದು ಕುಂಕುಮ ಹಚ್ಚುತ್ತಾರೆ. ನೀಲವ್ವನೂ ಹಚ್ಚುತ್ತಿದ್ದಳು. ಕುಂಕುಮವನ್ನು ನೀರಿನಲ್ಲಿ ಕಲಸಿ, ಬೆರಳಿನಿಂದ ಬಾನೆಟ್ಟಿನ ನಟ್ಟನಡುವೆ ಒಂದು ಬೊಟ್ಟು ಇಡುತ್ತಿದ್ದಳು. ಇಟ್ಟ ಬೆರಳನ್ನು ಕೂಡಲೇ ತೆಗೆಯುತ್ತಿರಲಿಲ್ಲ. ಕಣ್ಣು ಮುಚ್ಚಿ, "ಹೋದ ಗಾಡಿ ಹೋದಂಗ ಬರಲಿ" ಎನ್ನುತ್ತಿದ್ದಳು. ಆಮೇಲೆ ಬೆರಳು ತೆಗೆಯುತ್ತಿದ್ದಳು. ಅವನು ರಾತ್ರಿ ಮನೆಗೆ ಬರುವ ತನಕ ಅವಳ ಜೀವದಲ್ಲಿ ಜೀವ ಇರುತ್ತಿರಲಿಲ್ಲ.

ಮೊದಲನೆಯ ಅಮಾವಾಸ್ಯೆ ಕಳೆಯಿತು. ಮರುದಿನ ಅವನು ಗಾಡಿ ತೊಳೆದ. ಕುಂಕುಮ ಹೋಯಿತು, ಕಲೆ ಹೋಗಲಿಲ್ಲ. ಬಿಳಿಯ ಬಣ್ಣದ ಮೇಲೆ ಬೆರಳಿನ ತುದಿಯಷ್ಟು ಗುಲಾಬಿ ಗುರುತು ನಿಂತಿತು. ಅಯ್ಯೋ, ಹೊಸ ಗಾಡಿ! ಊಟ ಬಿಟ್ಟು ಗಾಡಿ ತೊಳೆಯುವ ಅಂಗಡಿಗೆ ಓಡಿದ.

ಅಂಗಡಿಯವನು ನೋಡಿ ನಕ್ಕ. "ಇದರ ಮೇಲೆ ನೀವು ಏನೂ ಹೊಡೆಸಿಲ್ಲ. ಬರೀ ಬಣ್ಣ. ಬರೀ ಬಣ್ಣ ಎಲ್ಲವನ್ನೂ ಕುಡಿಯುತ್ತದೆ" ಎಂದ. ಮಷೀನು ಹಚ್ಚಿ, ಕಲೆ ಇದ್ದ ಜಾಗವನ್ನು ತಿಕ್ಕಿ ತಿಕ್ಕಿ ತೆಗೆದ. ಆಮೇಲೆ ಒಂದು ಬಾಟಲಿ ಕೊಟ್ಟ. ಬಣ್ಣದ ಮೇಲೆ ಗಾಜಿನಂಥ ತೆಳು ಪದರ ಕೂರಿಸುವ ಸೆರಾಮಿಕ್ ಸ್ಪ್ರೇ. "ಗಾಡಿ ತೊಳೆದು ಒಣಗಿಸಿ, ನೆರಳಿನಲ್ಲಿ ನಿಲ್ಲಿಸಿ ಹೊಡೆಯಿರಿ. ಹೊಡೆದ ಕೂಡಲೇ ಮೆತ್ತನೆ ಬಟ್ಟೆಯಿಂದ ಒರೆಸಿಬಿಡಿ. ತಡ ಮಾಡಿದರೆ ಬೆಳ್ಳಗೆ ಗೀರು ಕೂರುತ್ತದೆ. ಮೂರು ತಿಂಗಳಿಗೊಮ್ಮೆ ಹೀಗೆ ಮಾಡಿ. ಧೂಳೂ ಹತ್ತುವುದಿಲ್ಲ, ಕುಂಕುಮವೂ ಹತ್ತುವುದಿಲ್ಲ" ಎಂದ. ಕಾರಿನವನು ಬಾಗಿಲು ದಾಟುವಾಗ ಇನ್ನೊಂದು ಮಾತು ಸೇರಿಸಿದ. "ಹೊಡೆಯುವ ಮೊದಲು ಕಲೆ ಇದ್ದರೆ ತೆಗೆದುಬಿಡಿ. ಕಲೆಯ ಮೇಲೆಯೇ ಹೊಡೆದರೆ ಅದು ಒಳಗೇ ಉಳಿದುಬಿಡುತ್ತದೆ."

ಈ ಮಾತನ್ನು ನೆನಪಿಡು. ಅವನೂ ನೆನಪಿಟ್ಟುಕೊಂಡಿದ್ದ.

ಮೂರು ತಿಂಗಳಿಗೊಮ್ಮೆ ಎಂದದ್ದನ್ನು ಅವನು ತಿಂಗಳಿಗೊಮ್ಮೆ ಮಾಡಿದ. ಅದೂ ಸರಿಯಾಗಿ ಅಮಾವಾಸ್ಯೆಯ ಹಿಂದಿನ ದಿನ. ಮರುದಿನ ಬೆಳಿಗ್ಗೆ ಅವಳು ಬೊಟ್ಟು ಇಡುತ್ತಿದ್ದಳು. ಅವನು ಗಾಡಿ ಹೊರಡಿಸಿ, ಬಾವಿಯ ಹತ್ತಿರದ ತಿರುವಿನಲ್ಲಿ ನಿಲ್ಲಿಸುತ್ತಿದ್ದ. ಹಳದಿ ಬಟ್ಟೆ ತೆಗೆದು ಒಂದು ಸಲ ಒರೆಸುತ್ತಿದ್ದ. ಅಷ್ಟೇ, ಬೊಟ್ಟು ಇದ್ದ ಗುರುತೇ ಇರುತ್ತಿರಲಿಲ್ಲ. ಮೇಲೆ ನೀರು ಹಾಕಿದರೆ ಹನಿ ಹನಿಯಾಗಿ ಉರುಳಿ ಹೋಗುತ್ತಿತ್ತು. ಅವನಿಗೆ ಖುಷಿಯೋ ಖುಷಿ. ತಾವರೆಯ ಎಲೆ, ಅದರ ಮೇಲಿನ ನೀರು ಎಂದು ನೀನು ದಿನಾ ಓದುತ್ತೀಯಲ್ಲ, ಅದನ್ನು ಅವನು ಬಾಟಲಿಯಲ್ಲಿ ಕೊಂಡುಕೊಂಡ.

ನಗಬೇಡ. ಜೋಳ ನೋಡು, ಕಲ್ಲು ಬಿಟ್ಟೆ.

ಅವನು ಕೆಟ್ಟವನೇನಲ್ಲ. ಕುಡಿಯುತ್ತಿರಲಿಲ್ಲ. ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ. ಗಾಡಿ ಎಂದರೆ ಪ್ರಾಣ, ಅದೊಂದೇ. ಆದರೆ ಆ ಹಳದಿ ಬಟ್ಟೆಯನ್ನು ಒಗೆಯುವವಳು ಯಾರು? ಅವಳೇ. ಪ್ರತಿ ಅಮಾವಾಸ್ಯೆಯ ಮರುದಿನ ಬಟ್ಟೆಯ ನಡುವೆ ಕೆಂಪು ಇರುತ್ತಿತ್ತು. ಅವಳು ಅದನ್ನು ಸಾಬೂನು ಹಚ್ಚಿ ಒಗೆದು, ಹಿಂಡಿ, ತಂತಿಗೆ ಹಾಕುತ್ತಿದ್ದಳು. ಒಂದೇ ಒಂದು ಸಲ ಕೇಳಿದಳು.

"ಆ ತಿರುವು ದಾಟೂತನಕರ ಇರಬಾರದೇನ್ರೀ ನನ್ನ ಬೊಟ್ಟು?"

"ಬಣ್ಣ ಕೆಡತೈತಿ. ನಿನಗ ಇದೆಲ್ಲಾ ತಿಳಿಯಂಗಿಲ್ಲ, ಸುಮ್ನಿರು" ಎಂದ ಅವನು.

ಅವಳು ಸುಮ್ಮನಾದಳು. ಮುಂದಿನ ಅಮಾವಾಸ್ಯೆಗೆ ಮತ್ತೆ ಬೊಟ್ಟು ಇಟ್ಟಳು. ಅವನು ಮತ್ತೆ ಒರೆಸಿದ. ಅವಳು ಮತ್ತೆ ಬಟ್ಟೆ ಒಗೆದಳು. ಹೀಗೆ ನಾಲ್ಕು ವರ್ಷ ನಡೆಯಿತು. ಒರೆಸುತ್ತಾರೆ ಎಂದು ಗೊತ್ತಿದ್ದೂ ಇಡುವುದಕ್ಕೆ ಎಂಥ ಮನಸ್ಸು ಬೇಕೋ, ನನಗಂತೂ ತಿಳಿಯದು.

ಐದನೆಯ ವರ್ಷ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಆ ದಿನ ದೂರದ ಬಾಡಿಗೆ ಇತ್ತು. ಬಾಡಿಗೆಯವರು ಬೆಳಕು ಹರಿಯುವ ಮುಂಚೆಯೇ ಬಂದು ಗಾಡಿಯಲ್ಲಿ ಕುಳಿತುಬಿಟ್ಟಿದ್ದರು. ನೀಲವ್ವ ಓಡಿ ಬಂದು ಬೊಟ್ಟು ಇಟ್ಟಳು. ಕಣ್ಣು ಮುಚ್ಚಿದಳು. "ಹೋದ ಗಾಡಿ ಹೋದಂಗ ಬರಲಿ" ಎಂದಳು. ಹಿಂದೆ ಕುಳಿತ ಹೆಂಗಸರು ಅವಸರ ಮಾಡುತ್ತಿದ್ದರು. ಹೆಂಗಸರ ಎದುರು ಗಾಡಿ ನಿಲ್ಲಿಸಿ ಕುಂಕುಮ ಒರೆಸಲು ಅವನಿಗೂ ಸಂಕೋಚವಾಯಿತು. ಗಾಡಿ ತಿರುವು ದಾಟಿತು. ಬೊಟ್ಟು ಉಳಿಯಿತು.

ಮಧ್ಯಾಹ್ನ ಫೋನು ಬಂತು. ನೀಲವ್ವ ಹಿತ್ತಿಲಿನಲ್ಲಿ ನೀರು ಸೇದುತ್ತಿದ್ದವಳು ಕುಸಿದು ಬಿದ್ದಿದ್ದಳು. ಬೇಗ ಬಾ ಎಂದಷ್ಟೇ ಹೇಳಿ ಫೋನು ಇಟ್ಟರು. ಅವನು ಬಾಡಿಗೆಯವರನ್ನು ಅಲ್ಲಿಯೇ ಬೇರೆ ಗಾಡಿಗೆ ಹತ್ತಿಸಿ ತಿರುಗಿದ. ಓಡಿಸುವವನ ಕಣ್ಣ ಮುಂದೆ ಬಾನೆಟ್ಟು ಇರುತ್ತದಲ್ಲ, ದಾರಿಯುದ್ದಕ್ಕೂ ಅದರ ಮೇಲೆ ಆ ಬೊಟ್ಟು ಇತ್ತು. ಅದನ್ನೇ ನೋಡಿಕೊಂಡು ಬಂದ. ಒಂದು ಗೀರು ಇಲ್ಲದೆ, ಹೋದ ಗಾಡಿ ಹೋದಂಗ ಬಂತು. ಅಂಗಳದ ತುಂಬ ಜನ ಇದ್ದರು. ಉಸಿರು ನಿಂತಿದ್ದ ಅವಳನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಬೆರಳಿನ ತುದಿಯಲ್ಲಿ ಕುಂಕುಮದ ಕೆಂಪು ಇನ್ನೂ ಇತ್ತು.

ಮಣ್ಣು ಕೊಟ್ಟು ಬಂದ ಮೇಲೆ ಅವನು ಕಾರನ್ನು ತಗಡಿನ ಚಪ್ಪರದ ಕೆಳಗೆ ನಿಲ್ಲಿಸಿದ. ಯಾರಿಗೂ ಮುಟ್ಟಗೊಡಲಿಲ್ಲ. ಅದರ ಮುಂದೆಯೇ ಚಾಪೆ ಹಾಸಿಕೊಂಡು ಕುಳಿತ. ಗಾಡಿಯ ಹುಚ್ಚು ಎಂದು ಬಂಧುಗಳು ಆಡಿಕೊಂಡರು. ಹೆಂಡತಿ ಸತ್ತರೂ ಗಾಡಿ ಕಾಯುತ್ತಾನೆ ಎಂದರು. ಅವನು ಕಾಯುತ್ತಿದ್ದದ್ದು ಬೊಟ್ಟನ್ನು. ಅವಳದೆಂದು ಮನೆಯಲ್ಲಿ ಸೀರೆ ಇತ್ತು, ಬಳೆ ಇತ್ತು. ಆದರೆ ತನಗಾಗಿ ಅವಳು ಕೊನೆಯ ಸಲ ಮಾಡಿದ್ದು ಇದೊಂದೇ ಎಂದು ಅವನ ಮನಸ್ಸು ಹಿಡಿದುಕೊಂಡುಬಿಟ್ಟಿತ್ತು.

ಆದರೆ ಕುಂಕುಮ ಒಣಗಿತು. ಒಣಗಿದ್ದು ಪುಡಿಯಾಗತೊಡಗಿತು. ಹತ್ತಿಕೊಳ್ಳಲು ಅಲ್ಲಿ ಏನಿದೆ? ನಾಲ್ಕು ವರ್ಷ ತಿಂಗಳು ತಿಂಗಳು ಹೊಡೆದ ಮೇಲ್ಮೈ ಅದು. ಆಷಾಢದ ಗಾಳಿ ಬೇರೆ. ಅವನು ಅವಳ ಊಟದ ತಟ್ಟೆ ತಂದು ಬೊಟ್ಟಿನ ಮೇಲೆ ಬೋರಲು ಹಾಕಿದ. ಬೆಳಿಗ್ಗೆ ತಟ್ಟೆ ಎತ್ತಿ ನೋಡಿದರೆ ನಿನ್ನೆಗಿಂತ ಸ್ವಲ್ಪ ಕಡಿಮೆ. ಮರುದಿನ ಇನ್ನೂ ಕಡಿಮೆ. ಐದನೆಯ ದಿನ ಮೋಡ ಕಟ್ಟಿತು. ಚಪ್ಪರದ ತಗಡು ತೂತು ಬಿದ್ದಿತ್ತು. ಅವನಿಗೆ ದಿಕ್ಕೇ ತೋಚಲಿಲ್ಲ.

ಆಗ ಅಂಗಡಿಯವನ ಮಾತು ನೆನಪಾಯಿತು. ಕಲೆಯ ಮೇಲೆಯೇ ಹೊಡೆದರೆ ಅದು ಒಳಗೇ ಉಳಿದುಬಿಡುತ್ತದೆ.

ಅವನು ಬಾಟಲಿ ತಂದ. ಶಿವಾ ಎಂದು ಬೊಟ್ಟಿನ ಮೇಲೆ ಹೊಡೆದ. ಬಣ್ಣ ಕುಡಿದ ಕಲೆ ಬೇರೆ, ಜಾರುವ ಮೈಯ ಮೇಲೆ ಸುಮ್ಮನೆ ಕುಳಿತ ಕುಂಕುಮ ಬೇರೆ. ಅದು ಅವನಿಗೆ ಹೊಳೆಯಲಿಲ್ಲ. ಕುಂಕುಮ ಕರಗಿತು. ಕೆಂಪು ಹನಿಗಳಾಗಿ ಉರುಳತೊಡಗಿತು. ಹೊಡೆದ ಕೂಡಲೇ ಒರೆಸಬೇಕು, ತಡ ಮಾಡಬಾರದು. ನಾಲ್ಕು ವರ್ಷ ಕೈಗೆ ಅದೇ ರೂಢಿ. ಅವನು ಬೇಡ ಎನ್ನುವಷ್ಟರಲ್ಲಿ ಕೈ ಹಳದಿ ಬಟ್ಟೆ ಹಿಡಿದಿತ್ತು. ಒಂದು ಸಲ ಒರೆಸಿತು.

ಬಾನೆಟ್ಟು ಫಳಫಳ ಹೊಳೆಯಿತು. ಅದರಲ್ಲಿ ಅವನ ಮುಖವೊಂದೇ ಕಂಡಿತು.

ಅವನು ಬಾನೆಟ್ಟಿನ ಮೇಲೆ ಬಿದ್ದು ಅತ್ತ. ಒಂದು ಚೂರಾದರೂ ಹತ್ತಬಾರದಿತ್ತೇ, ಒಂದೇ ಒಂದು ಚೂರು, ಎಂದು ಅತ್ತ. ಆಮೇಲೆ ಎದ್ದು, ಮೊದಲನೆಯ ವರ್ಷದ ಆ ಗುಲಾಬಿ ಗುರುತನ್ನು ಹುಡುಕಿದ. ಬೆಳಕಿಗೆ ಓರೆಯಾಗಿ ನಿಂತು ನೋಡಿದ. ಬೆರಳಾಡಿಸಿ ನೋಡಿದ. ಅದನ್ನು ಮಷೀನು ಹಚ್ಚಿ ತೆಗೆಸಿದವನು ಅವನೇ ಅಲ್ಲವೇ? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಗಾಡಿ ಕೊಂಡ ದಿನ ಹೇಗಿತ್ತೋ ಹಾಗೆಯೇ ಇತ್ತು.

ಮರುದಿನ ಅವನು ಮಠಕ್ಕೆ ಬಂದ. ನೀನು ಕುಳಿತಿರುವ ಜಾಗದಲ್ಲಿಯೇ ಕುಳಿತ. ಅಂಗಿಯ ಜೇಬಿನಿಂದ ಹಳದಿ ಬಟ್ಟೆ ತೆಗೆದು ನನ್ನ ಮುಂದೆ ಹರಡಿದ. ನಡುವೆ ಕೆಂಪು ಇತ್ತು. ಒಗೆಯುವವಳು ಇರಲಿಲ್ಲವಲ್ಲ, ಹಾಗಾಗಿ ಉಳಿದಿತ್ತು. ನೀನು ಈಗ ಕೇಳಿದ್ದನ್ನೇ ಅವನೂ ಕೇಳಿದ, ತಿರುವಿ ಕೇಳಿದ.

"ಅಜ್ಜಾರ, ಎಲ್ಲಾ ಜಾರಿ ಹೋತು. ಹತ್ತಿ ಉಳಿಯೂ ಹಂಗ ಮಾಡೂದು ಏನರ ಐತೇನ್ರಿ?"

ಅಜ್ಜನವರ ಕಥೆ ಅಲ್ಲಿಗೆ ನಿಂತಿತು. ಚನ್ನವೀರನ ಮೊರದಲ್ಲಿ ಜೋಳ ಹಾಗೆಯೇ ಇತ್ತು, ಕೈ ಆಡುತ್ತಿರಲಿಲ್ಲ. "ನೀವು ಅವನಿಗೆ ಏನು ಹೇಳಿದಿರಿ?" ಎಂದು ಮೆಲ್ಲಗೆ ಕೇಳಿದ.

ಅಜ್ಜನವರು ಮೊರವನ್ನು ಕೆಳಗಿಟ್ಟರು. ಗೂಟದಿಂದ ಬುತ್ತಿಯ ಗಂಟು ಇಳಿಸಿ ಅವನ ಮಡಿಲಿನಲ್ಲಿ ಇಟ್ಟರು.

"ಅವನಿಗೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ ತಮ್ಮಾ; ನಿನಗಾದರೆ ಹತ್ತೂವರೆಗೆ ನಿಮ್ಮೂರ ಬಸ್ಸಿದೆ."