ಅಂಬಿಗನ ಹೆಂಡತಿಯ ಪಾಲು

“ಗುರುಗಳೇ, ಪೇಟೆಯಲ್ಲಿ ಒಬ್ಬ ವಿಮೆಯ ಹಣದಾಸೆಗೆ ತನ್ನ ಮನೆಗೆ ತಾನೇ ಬೆಂಕಿಯಿಟ್ಟನಂತೆ. ಹೆಂಡತಿಗೆ ಅದರ ಸುಳಿವೇ ಇರಲಿಲ್ಲವಂತೆ. ಮನೆ ಇಬ್ಬರ ಹೆಸರಿನಲ್ಲೂ ಇದೆ. ಈಗ ಅವಳು ತನ್ನ ಪಾಲಿನ ಪರಿಹಾರ ಕೇಳುತ್ತಿದ್ದಾಳೆ. ಕೊಡುವುದು ಸರಿಯೇ?” ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕರು. “ಬೆಲ್ಲ ತಾ ಎಂದು ಪೇಟೆಗೆ ಕಳಿಸಿದರೆ ನೀನು ವ್ಯಾಜ್ಯ ಹೊತ್ತು ತರುತ್ತೀಯ. ಕುಳಿತುಕೋ. ನಾನು ಹುಟ್ಟಿದ ಕೇರಿಯ ಸಂಗತಿಯೊಂದನ್ನು ಹೇಳುತ್ತೇನೆ” ಎಂದು ಶುರುಮಾಡಿದರು.

ನಮ್ಮದು ಹೊಳೆದಂಡೆಯ ಅಂಬಿಗರ ಕೇರಿ. ಎಲ್ಲ ಮನೆಗಳಿಗೂ ತೆಂಗಿನ ಮಡಲು ಹೆಣೆದು ಹೊದಿಸಿದ ಸೂರು. ಬೇಸಿಗೆಯಲ್ಲಿ ಒಂದು ಕಿಡಿ ಸಾಕಿತ್ತು. ವಿಮೆ ಎಂಬ ಮಾತನ್ನು ಆಗ ನಾವು ಕೇಳಿರಲಿಲ್ಲ. ಯಾರ ಮನೆ ಸುಟ್ಟರೂ ಪ್ರತಿ ಮನೆಯವರು ಇಪ್ಪತ್ತು ಮಡಲು ಕೊಟ್ಟು, ಒಂದು ದಿನ ದುಡಿದು, ಮತ್ತೆ ಕಟ್ಟಿಕೊಡುವುದು ರೂಢಿ. ಹೆಂಗಸರು ಅದಕ್ಕೆಂದೇ ಹೊಳೆಯಲ್ಲಿ ಮಡಲು ನೆನೆಹಾಕಿ, ಸಂಜೆ ಜಗಲಿಯಲ್ಲಿ ಕುಳಿತು ಹೆಣೆಯುತ್ತಿದ್ದರು. ನನ್ನ ಅಮ್ಮನೂ ಹೆಣೆಯುತ್ತಿದ್ದಳು. ನೆನೆದ ಮಡಲಿನ ಆ ವಾಸನೆಗೆ ನನ್ನ ಮನಸ್ಸು ಈಗಲೂ ಹಂಬಲಿಸುತ್ತದೆ. ಹೆಂಚು ಬಂತು, ರೂಢಿ ಹೋಯಿತು. ಹೋಗಬಾರದಿತ್ತು.

ಅಲ್ಲಿ ಒಬ್ಬ ಅಂಬಿಗನಿದ್ದ, ಮೈಗಳ್ಳ. ಅವನ ಮನೆಯ ಸೂರು ಸೋರುತ್ತಿತ್ತು. ಪಕ್ಕದ ಮನೆ ಸುಟ್ಟಾಗ ಕೇರಿಯವರು ಹೊಸದು ಕಟ್ಟಿಕೊಟ್ಟದ್ದನ್ನು ನೋಡಿ ಅವನಿಗೂ ಆಸೆಯಾಯಿತು. ಒಂದು ಮಧ್ಯಾಹ್ನ, ಹೆಂಡತಿ ಹೊಳೆಗೆ ಹೋಗಿದ್ದಾಗ, ತಾನೇ ಬೆಂಕಿ ಹಚ್ಚಿದ. ಕೇರಿಯವರೇನು ಕಣ್ಣು ಮುಚ್ಚಿಕೊಂಡಿರಲಿಲ್ಲ. ಅವನ ಬಲೆ, ಬೆಳ್ಳಿಯ ಉಡಿದಾರ ಹಿಂದಿನ ದಿನವೇ ದೋಣಿ ಸೇರಿದ್ದವು. ಹೆಂಡತಿಯ ಮದುವೆ ಸೀರೆ ಮಾತ್ರ ಒಳಗೇ ಬೂದಿಯಾಗಿತ್ತು. ಗದರಿಸಿ ಕೇಳಿದಾಗ ತಲೆ ತಗ್ಗಿಸಿ ಒಪ್ಪಿಕೊಂಡ.

“ತಾನೇ ಸುಟ್ಟ ಮನೆಗೆ ಕೇರಿಯ ಮಡಲಿಲ್ಲ” ಎಂದು ಕೇರಿಯ ಯಜಮಾನ ಮಾತು ಮುಗಿಸಿ ಎದ್ದ. ಮಳೆಗಾಲಕ್ಕೆ ಇನ್ನು ಹದಿನೈದು ದಿನ. ಆ ಹೆಂಗಸಿಗೆ ಹೋಗಲು ತವರೂ ಇರಲಿಲ್ಲ.

ಅವಳು ಅಳಲಿಲ್ಲ. “ಯಜಮಾನ್ರೇ, ಈ ಕೇರಿಗೆ ಬಂದು ಇಪ್ಪತ್ತು ವರ್ಷ ಆಯ್ತು. ಸುಟ್ಟ ಮನೆಗೆಲ್ಲಾ ನಮ್ಮನೆ ಲೆಕ್ಕದ ಮಡಲು ಹೆಣೆದವಳು ನಾನು. ನಮ್ಮನೆಯವ್ರು ಒಂದು ಗರೀನೂ ಮುಟ್ಟಿದವ್ರಲ್ಲ. ಅವ್ರ ತಪ್ಪಿಗೆ ನಾನು ಕೊಟ್ಟಿದ್ದೆಲ್ಲಾ ಇಲ್ಲ ಅಂತಾಗತ್ತಾ?” ಎಂದಳು.

ಯಜಮಾನ ಮತ್ತೆ ಕುಳಿತ. “ಮನೆ ಇಬ್ಬರದು. ಅವನ ಪಾಲನ್ನು ಅವನು ಸುಟ್ಟುಕೊಂಡ. ಇವಳ ಪಾಲನ್ನು ನಾವು ಕಟ್ಟಬೇಕು” ಎಂದ. ಮರುದಿನ ಹಳೆಯ ಪಾಯದ ಮೇಲೆ ಅರ್ಧ ಮನೆ ಎದ್ದಿತು. ಮಡಲು ಹೊತ್ತವರಲ್ಲಿ ನಾನೂ ಒಬ್ಬ. ಅಂಥ ದಿನಗಳನ್ನು ನಾನು ಆಮೇಲೆ ಹೆಚ್ಚು ಕಾಣಲಿಲ್ಲ.

ಗುರುಗಳು ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಆದರೆ ಗುರುಗಳೇ, ಬೆಂಕಿ ಹಚ್ಚಿದವನೂ ಆ ಮಳೆಗಾಲ ಅದೇ ಸೂರಿನಡಿ ಮಲಗಿರಬೇಕಲ್ಲ?” ಎಂದ.

“ಮಲಗಿದ. ಆದರೆ ಅವನನ್ನು ತೋಯಿಸಬೇಕೆಂದು ಅವಳನ್ನೂ ಮಳೆಗೆ ನಿಲ್ಲಿಸಿದ್ದರೆ, ಅವಳ ಮನೆಗೆ ಎರಡನೆಯ ಸಲ ಬೆಂಕಿಯಿಟ್ಟವರು ನಾವಾಗುತ್ತಿದ್ದೆವು.”