ಮಂಜಿನಲ್ಲಿ ಹಾಕಿದ ಹೊಲಿಗೆ

ಮಂಜು ಕವಿದ ಕೆರೆಯ ದಂಡೆಯಲ್ಲಿ, ಗಾಯ ಹೊಲಿಯುವ ಕೊಕ್ಕರೆ ವೈದ್ಯರಿದ್ದರು. ಅವರ ಬಳಿ ಶಸ್ತ್ರಚಿಕಿತ್ಸೆ ಕಲಿಯಲು ಒಂದು ಬೆಳಗ್ಗೆ ಇಬ್ಬರು ಬಂದರು: ಆಲದ ಮರದ ಶಾಲೆಯಲ್ಲಿ ಓದಿದ ಗಿಜುಗ ಹಕ್ಕಿ, ಪೊದೆಯ ಶಾಲೆಯಲ್ಲಿ ಓದಿದ, ಎಲೆ ಹೊಲಿದು ಗೂಡು ಕಟ್ಟುವ ಸಿಂಪಿಗ ಹಕ್ಕಿ. ಪೊದೆಯಲ್ಲೂ ಅದೇ ವೈದ್ಯಶಾಸ್ತ್ರ ಕಲಿಸುತ್ತಿದ್ದರು. ಜೊತೆಗೆ ಮೂಳೆ ಕೀಲುಗಳನ್ನು ಮುಟ್ಟಿ ಸರಿಪಡಿಸುವುದನ್ನೂ ಹೇಳಿಕೊಡುತ್ತಿದ್ದರು.

“ಇರುವುದು ಒಂದೇ ಜಾಗ. ಇಷ್ಟು ವರ್ಷವೂ ಆಲದ ಮರದವರನ್ನೇ ತೆಗೆದುಕೊಂಡಿದ್ದೇನೆ,” ಎಂದರು ವೈದ್ಯರು. ಸಿಂಪಿಗ ಹೊರಡಲು ರೆಕ್ಕೆ ಬಿಚ್ಚಿತು.

ಅಷ್ಟರಲ್ಲಿ ನೀರುನಾಯಿಯೊಂದು, ಮುಳ್ಳುಬೇಲಿಗೆ ಸಿಕ್ಕಿ ಮೈ ಹರಿದುಕೊಂಡ ನೋಡಲು ಒಂದೇ ತೆರನಾದ ತನ್ನ ಎರಡು ಮರಿಗಳನ್ನು ತಂದಿತು. ವೈದ್ಯರು ಒಬ್ಬೊಬ್ಬರಿಗೆ ಒಂದೊಂದು ಮರಿಯನ್ನು ಒಪ್ಪಿಸಿದರು. ಮಂಜು ದಟ್ಟವಾಗಿ, ಯಾರು ಎಲ್ಲಿದ್ದಾರೆಂದೇ ಕಾಣದಾಯಿತು. ಸಿಂಪಿಗ ಮರಿಯ ಉಸಿರನ್ನು ಆಲಿಸುತ್ತಾ, ಕನಸಿನಲ್ಲಿ ಎಲೆ ಹೊಲಿಯುವಂತೆ ಮೆಲ್ಲಗೆ ಹೊಲಿಯಿತು.

ಮಂಜು ಸರಿದಾಗ ಎರಡೂ ಮರಿಗಳು ತಾಯಿಯ ಮಗ್ಗುಲಲ್ಲಿ ನಿದ್ದೆಹೋಗಿದ್ದವು. ವೈದ್ಯರು ಎರಡೂ ಹೊಲಿಗೆಗಳನ್ನು ಕೊಕ್ಕಿನಿಂದ ಸವರಿ ನೋಡಿದರು. ವ್ಯತ್ಯಾಸ ತಿಳಿಯಲಿಲ್ಲ.

“ಇವುಗಳಲ್ಲಿ ಆಲದ ಮರದವರು ಹೊಲಿದದ್ದು ಯಾವುದು?” ಎಂದು ತಾಯಿಯನ್ನು ಕೇಳಿದರು.

“ನನಗೇನು ಗೊತ್ತು ಸ್ವಾಮಿ?” ಎಂದಿತು ತಾಯಿ. “ಎರಡೂ ನನ್ನ ಮಕ್ಕಳೇ. ಎರಡೂ ಬದುಕಿದವು.”

ವೈದ್ಯರು ತಾವು ನಿಂತಿದ್ದ ಕಲ್ಲಿನ ಮೇಲೆ ಕೊಂಚ ಪಕ್ಕಕ್ಕೆ ಸರಿದು, “ಇಬ್ಬರೂ ಬನ್ನಿ,” ಎಂದರು.