ಕರೆಗಂಟೆಯೂ ಸ್ಪರ್ಶಪರದೆಯೂ

ಹಿತ್ತಾಳೆಯ ಕರೆಗಂಟೆ ಗಂಟಮ್ಮನದು ಮರ್ಯಾದಸ್ಥ ಮನೆತನ. ಅಜ್ಜಿ ಕಾನ್ವೆಂಟಿನ ಮೇಜಿನ ಮೇಲೆ, ತಾಯಿ ಅಂಚೆ ಕಚೇರಿಯಲ್ಲಿ ಸೇವೆ ಸಲ್ಲಿಸಿದವರು. ಒತ್ತಿದ ಕೈ ಯಾರದೆಂದು ಆ ಮನೆಯಲ್ಲಿ ಯಾರೂ ಕೇಳಿದವರಲ್ಲ. ಮನುಷ್ಯರಿಗೂ ಕಂಪ್ಯೂಟರಿಗೂ ಒಡನಾಟ ಬೆಳೆಸುವ ಅಂತರರಾಷ್ಟ್ರೀಯ ಸಮ್ಮೇಳನದ ಬಾಗಿಲಲ್ಲಿ ಅವಳ ಪಕ್ಕಕ್ಕೆ, ಹೆಸರು ಮುಟ್ಟಿದರೆ ಹೆಸರುಚೀಟಿ ಕೊಡುವ ಹೊಸ ಸ್ಪರ್ಶಪರದೆ ಬಂದು ನಿಂತಿತ್ತು.

ಹತ್ತು ಗಂಟೆಗೆ ಭಾಷಣ ಮಾಡಬೇಕಿದ್ದ ನೇಕಾರ್ತಿ ಗುರುಸಿದ್ದವ್ವ ತಮ್ಮ ಹೆಸರಿನ ಮೇಲೆ ಬೆರಳಿಟ್ಟರು. ನಲವತ್ತು ವರ್ಷ ನೂಲೆಳೆದು ಜಡ್ಡುಗಟ್ಟಿದ ಬೆರಳು ಪರದೆಗೆ ತಿಳಿಯಲೇ ಇಲ್ಲ.

“ಬೆರಳು ಸರಿಯಿಲ್ಲ. ಪಕ್ಕಕ್ಕೆ ನಿಲ್ಲಿ,” ಎಂದಿತು ಪರದೆ.

“ಇರಲಿ ಬಿಡಪಾ, ನಾ ಊರಿಗೆ ಹೊಂಟೆ,” ಎಂದು ಗುರುಸಿದ್ದವ್ವ ಚೀಲ ಎತ್ತಿಕೊಂಡರು.

“ನಿಲ್ಲಿ ಅವ್ವಾ, ನನ್ನನ್ನು ಒತ್ತಿ!” ಎಂದಳು ಗಂಟಮ್ಮ.

ಟಿಣ್ ಎಂದದ್ದೇ ತಡ, ವಿದ್ವಾಂಸರು ಓಡಿಬಂದರು. ವಿಷಯ ತಿಳಿದು ನಾಚಿ, ಅಲ್ಲೇ ನೆಲದ ಮೇಲೆ ಕೂತು, ಅದೇ ಬೆರಳಿನಿಂದ ಪರದೆಗೆ ಪಾಠ ಹೇಳಿಸಿದರು. ಹತ್ತಕ್ಕೆ ಐದು ನಿಮಿಷವಿರುವಾಗ ಗುರುಸಿದ್ದವ್ವನವರ ಹೆಸರುಚೀಟಿ ಹೊರಬಂತು.

“ಕಲಿತೆನಲ್ಲ, ಗಂಟಮ್ಮನವರೇ! ಇನ್ನು ಎಂಥ ಜಡ್ಡುಗಟ್ಟಿದ ಕೈ ಬಂದರೂ ಗುರುತಿಸುತ್ತೇನೆ. ಇನ್ನೂ ಯಾಕೆ ಮುಖ ಬಿಗಿದುಕೊಂಡಿದ್ದೀರಿ?”

“ಕಲಿತದ್ದು ಸಂತೋಷ. ಆದರೆ ಕೊರತೆ ನಿನ್ನದು, ದೂರಿದ್ದು ಅವರ ಬೆರಳನ್ನು. ಅವರು ವೇದಿಕೆ ಹತ್ತುವ ಮೊದಲು ಕ್ಷಮೆ ಕೇಳು.”